ಒಂದು ರೇವುಪಟ್ಟಣ, ಹಲವು ಹೆಸರು

ಧಾರವಾಡದ ಅಂಚಿನಲ್ಲಿ, ಹುಬ್ಬಳ್ಳಿಯ ಕಡೆಗೆ, ಲಕಮನಹಳ್ಳಿಯೆಂಬ ಊರೊಂದುಂಟು. ಈಗ ಅದು ಅವಳಿ ನಗರದೊಳಗೆ ಸೇರಿಹೋಗಿದ್ದು, ಕಾರಖಾನೆಗಳ ಪ್ರದೇಶವೆಂದೇ ಹೆಚ್ಚು ಜನರಿಗೆ ಪರಿಚಿತವಾಗಿದೆ. ಅದರ ಹೆಸರನ್ನು ಕೆಲವರು ಒಂದೇ ಕಕಾರದಿಂದಲೂ ಕೆಲವರು ಒತ್ತು ಹಚ್ಚಿಯೂ ಬರೆಯುತ್ತಾರೆ. ಇದಕ್ಕಾಗಿ ಯಾರೂ ಜಗಳವಾಡಿದುದನ್ನು ನಾವು ಕೇಳಿಲ್ಲ. ಕಡಲಿನಿಂದ ಬಹು ದೂರದಲ್ಲಿರುವ ಈ ಸೀಮೆಯಲ್ಲಿಯೂ ಕಡಲತಡಿಯ ಎರಡು ಊರುಗಳ ಹೆಸರು ನಿತ್ಯಬಳಕೆಯಲ್ಲಿ ನೆಲೆನಿಂತಿವೆ. ಇಲ್ಲಿಯ ಕರಿಯ ಭೂಮಿಯಲ್ಲಿ ಬೆಳೆದ ನಾಡಹತ್ತಿಯು ಘಟ್ಟವಿಳಿದು ಕುಮಟೆಯ ರೇವಿನಿಂದ ಹಡಗನ್ನೇರುತ್ತಿದ್ದುದರಿಂದ ಅದಕ್ಕೆ ವರ್ತಕರು ಕುಮಟಾ ಹತ್ತಿಯೆಂದೇ ಹೆಸರಿಟ್ಟರು; ಬೆಳೆದವನ ಊರು ಮರೆಯಾಗಿ, ಸಾಗಿಸಿದವನ ಊರು ಉಳಿಯಿತು. ಇನ್ನೊಂದು ಹೆಸರು ಹಳೆಯ ಮನೆಗಳ ಮಾಡಿನ ಮೇಲಿದೆ. ಆ ಕೆಂಪು ಹೆಂಚನ್ನು ತಯಾರಿಸಿದ ಸ್ಥಳ ಯಾವುದೇ ಆಗಿರಲಿ, ಜನರು ಅದನ್ನು ಕರೆಯುವುದು ಮಂಗಳೂರು ಹೆಂಚೆಂದೇ. ಆ ಮಂಗಳೂರಿನ ಹೆಸರುಗಳ ಚರಿತ್ರೆಯನ್ನು ಈ ಹೊತ್ತು ವಿಚಾರಿಸೋಣ.

ಹೆಸರು ಬದಲಾಯಿಸಿದ ರೇವುಪಟ್ಟಣವೆಂದರೆ ಯೂರೋಪಿನ ಚರಿತ್ರೆಯನ್ನು ಓದಿದವರಿಗೆ ಆಡ್ರಿಯಾಟಿಕ್ ಸಮುದ್ರದ ತೀರವು ನೆನಪಾಗುವುದು ಸಹಜ. ಅಲ್ಲಿ, ಈಗಿನ ಅಲ್ಬೇನಿಯಾ ದೇಶದಲ್ಲಿ, ಕ್ರಿಸ್ತಪೂರ್ವ ಏಳನೆಯ ಶತಮಾನದಲ್ಲಿ ಗ್ರೀಕರು ನೆಲಸಿ ಒಂದು ಪಟ್ಟಣವನ್ನು ಕಟ್ಟಿದರು. ಅದರ ಹೆಸರು ಎಪಿದಾಮ್ನಸ್. ಮುಂದೆ ಆ ಊರು ರೋಮನರ ಕೈಸೇರಿದಾಗ, ಅವರ ಲ್ಯಾಟಿನ್ ಭಾಷೆಯಲ್ಲಿ ‘ದಾಮ್ನುಂ’ ಎಂದರೆ ನಷ್ಟವೆಂದು ಅರ್ಥವಿರುವುದರಿಂದ ಈ ಹೆಸರು ಅಪಶಕುನವಾಗಿ ಕೇಳಿಸಿತು. ಆದುದರಿಂದ ಅವರು ಅದನ್ನು ದಿರ್ರಾಕಿಯಂ ಎಂದು ಕರೆದರೆಂದು ಒಂದನೆಯ ಶತಮಾನದ ಪ್ಲಿನಿಯು ಬರೆದಿದ್ದಾನೆ. ವೆನಿಸ್ಸಿನವರು ಬಂದು ಅದನ್ನು ದುರಾಟ್ಸೊ ಎಂದರು. 1501ರಲ್ಲಿ ತುರ್ಕರು ಬಂದು ದಿರಾಚ್ ಎಂದರು. ಈಗ ಅದು ದುರ್ರೆಸ್. ಅರಸರು ಬಂದಂತೆ ಹೆಸರು ಬಂದಿತು, ಅರಸರು ಹೋದಂತೆ ಹೋಯಿತು. ಸಾಮಾನ್ಯವಾಗಿ ಊರುಗಳ ನಾಮಾಂತರವೆಂದರೆ ನಾವು ಎಣಿಸುವುದು ಹೀಗೆಯೇ. ಆದರೆ ಮಂಗಳೂರಿನ ಕಥೆ ಬೇರೆ. ಅಲ್ಲಿ ಒಂದು ಹೆಸರು ಇನ್ನೊಂದನ್ನು ಓಡಿಸಲಿಲ್ಲ. ಬಂದವರು ಬಂದಂತೆ ಹೆಸರುಗಳು ಬಂದವು. ಬಂದವು ಒಂದರ ಪಕ್ಕದಲ್ಲೊಂದು ಕುಳಿತವು.

ಮೇಲೆ ಹೇಳಿದ ಪ್ಲಿನಿಯೇ ನಮ್ಮ ತೀರದ ಮಾತನ್ನೂ ಎತ್ತಿದ್ದಾನೆ. ಮೆಣಸಿಗಾಗಿ ಮುಝಿರಿಸ್ಸಿಗೆ ಹೋಗುವ ರೋಮನರ ಹಡಗುಗಳಿಗೆ ಆತನು ಒಂದು ಎಚ್ಚರಿಕೆಯನ್ನು ಕೊಡುತ್ತಾನೆ: ಅದರ ನೆರೆಯಲ್ಲಿ ನಿತ್ರಿಯಾಸ್ ಎಂಬ ಸ್ಥಳದಲ್ಲಿ ಕಡಲ್ಗಳ್ಳರಿದ್ದಾರೆ, ಜೋಕೆ. ಈ ನಿತ್ರಿಯಾಸ್ ಎಂಬುದರಲ್ಲಿ ನೇತ್ರಾವತಿಯ ಹೆಸರನ್ನು ಕಂಡವರುಂಟು, ಒಪ್ಪದವರೂ ಉಂಟು. ಊರಿನ ಹೆಸರೇ ಹೆಚ್ಚು ಸ್ಪಷ್ಟವಾಗಿ ದೊರೆಯುವುದು ಆರನೆಯ ಶತಮಾನದಲ್ಲಿ. ಅಲೆಕ್ಸಾಂಡ್ರಿಯದ ವರ್ತಕನಾಗಿದ್ದು ಮುಂದೆ ಸಂನ್ಯಾಸಿಯಾದ ಕಾಸ್ಮಸ್ ಎಂಬವನು ‘ಮಲೆ’ ಎಂಬ ಮೆಣಸಿನ ನಾಡಿನ ಐದು ರೇವುಗಳನ್ನು ಹೆಸರಿಸುವಾಗ ಮಂಗರೂಥ್ ಎಂಬುದನ್ನೂ ಸೇರಿಸಿದ್ದಾನೆ. ಗ್ರೀಕರ ಬಾಯಿಗೆ ‘ಳ’ಕಾರವೆಲ್ಲಿಯದು? ಅವನು ಕೇಳಿದಷ್ಟನ್ನು ತಿಳಿದಷ್ಟರಲ್ಲಿ ಬರೆದುಕೊಂಡನು.

ನಾಡಿನ ಒಳಗಿನವರು ಬರೆಸಿದ್ದು ಮಂಗಳಾಪುರವೆಂದು. ಪಾಂಡ್ಯರ ವೇಳ್ವಿಕುಡಿ ತಾಮ್ರಶಾಸನದಲ್ಲಿ ಅವರ ಅರಸನೊಬ್ಬನು ಮಂಗಳಾಪುರವೆಂಬ ಮಹಾನಗರದಲ್ಲಿ ಕಾಳಗವನ್ನು ಗೆದ್ದನೆಂದಿರುವುದು. ಆ ಮಂಗಳಾಪುರವು ನಮ್ಮ ಮಂಗಳೂರೇ ಎಂಬುದು ಹಲವರ ಮತ. ತುಳುನಾಡನ್ನು ಬಹುಕಾಲ ಆಳಿದ ಆಳುಪರ ರಾಜಧಾನಿಗಳಲ್ಲಿ ಇದೂ ಒಂದಾಗಿತ್ತು. ಊರಿನ ಪಕ್ಕದ ಕದ್ರಿಯ ಗುಡಿಯಲ್ಲಿ ಲೋಕೇಶ್ವರನ ಒಂದು ಕಂಚಿನ ವಿಗ್ರಹವಿದೆ. ಅದನ್ನು ನೋಡದೆ ಮಂಗಳೂರನ್ನು ನೋಡಿದೆವೆಂದು ಹೇಳಲಾಗದು. ಕ್ರಿ. ಶ. 968ರಲ್ಲಿ ಆಳುಪ ಕುಂದವರ್ಮನು ಅದನ್ನು ಕದರಿಕಾ ವಿಹಾರದಲ್ಲಿ ಪ್ರತಿಷ್ಠೆ ಮಾಡಿಸಿದನೆಂದು ಪೀಠದ ಶಾಸನವು ಹೇಳುತ್ತದೆ. ವಿಹಾರವು ಹೋಗಿ ಮಂಜುನಾಥನ ದೇವಾಲಯವಾಯಿತು, ಕದರಿಕೆಯು ಕದ್ರಿಯಾಯಿತು.

ಮಂಗಳಾದೇವಿಯಿಂದ ಮಂಗಳೂರೆಂಬ ಐತಿಹ್ಯವನ್ನು ಎಲ್ಲರೂ ಬಲ್ಲರು. ಮಲೆಯಾಳದ ರಾಜಕುಮಾರಿ ಪ್ರೇಮಲಾದೇವಿಯು ರಾಜ್ಯವನ್ನು ತೊರೆದು ನಾಥಪಂಥದ ಮತ್ಸ್ಯೇಂದ್ರನಾಥನ ಶಿಷ್ಯೆಯಾಗಿ ಹೊರಟಳು. ಗುರುವು ಅವಳಿಗೆ ಮಂಗಳಾದೇವಿಯೆಂದು ಹೆಸರಿಟ್ಟನು. ಅಸ್ವಸ್ಥಳಾಗಿ ಆಕೆಯು ಇಲ್ಲಿಯೇ ದೇಹವನ್ನು ಬಿಡಲು, ಬೋಳಾರದಲ್ಲಿ ಅವಳ ಹೆಸರಿನಿಂದ ಗುಡಿಯು ಎದ್ದಿತು. ಊರಿನಿಂದ ದೇವಿಗೆ ಹೆಸರು ಬಂದಿತೋ, ದೇವಿಯಿಂದ ಊರಿಗೋ ಎಂದು ಕಾಲಗಣನೆಯ ಕಡ್ಡಿಯನ್ನು ಹಿಡಿದು ಕೂಡುವುದು ನಮಗೆ ರುಚಿಸದು. ಆದರೆ ಊರಿನ ಅಧಿದೇವತೆಯೇ ಹೊರನಾಡಿನಿಂದ ನಡೆದು ಬಂದವಳು ಎಂಬುದಾಗಿ ಆ ಊರಿನವರೇ ತಲೆಮಾರುಗಳಿಂದ ಹೇಳಿಕೊಂಡು ಬಂದಿರುವುದು ಯೋಚಿಸತಕ್ಕ ಸಂಗತಿ.

ಹೊರಗಿನಿಂದ ಬಂದು ಇಲ್ಲಿ ಬಾಳಿದವರಲ್ಲಿ ಒಬ್ಬನ ವೃತ್ತಾಂತವು ಅದೃಷ್ಟವಶಾತ್ ನಮಗೆ ವಿವರವಾಗಿ ದೊರೆತಿದೆ. ಅವನು ಆಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕ. ಉತ್ತರ ಆಫ್ರಿಕದ ಟ್ಯುನೀಸಿಯದವನು. ಏಡನ್ ನಗರಕ್ಕೆ ಬಂದು, ಅಲ್ಲಿಂದ ಕಡಲು ದಾಟಿ ಮಂಗಳೂರನ್ನು ಸೇರಿದವನು 1149ರವರೆಗೆ, ಅಂದರೆ ಹದಿನೇಳು ವರ್ಷಗಳಿಗೆ ಕಡಿಮೆಯಿಲ್ಲದೆ, ಈ ತೀರದಲ್ಲಿಯೇ ಸಂಸಾರವನ್ನೂ ವ್ಯಾಪಾರವನ್ನೂ ನಡೆಸಿದನು. ಮೆಣಸು, ಅಡಕೆ, ಏಲಕ್ಕಿಗಳನ್ನು ಕಳುಹಿಸುವನು; ಏಡನ್ನಿನ ಮಿತ್ರರು ತಾಮ್ರವನ್ನೂ ಒಡೆದ ಪಾತ್ರೆಗಳನ್ನೂ ಕಳುಹಿಸಿದರೆ ಇಲ್ಲಿಯ ಕಂಚುಗಾರರಿಂದ ಹೊಸ ಪಾತ್ರೆಗಳನ್ನು ಎರಕ ಹೊಯ್ಯಿಸಿ ಹಿಂದಿರುಗಿಸುವನು. ಅವನಿಗಾಗಿ ಅವರು ಕಳುಹಿಸುತ್ತಿದ್ದ ಉಡುಗೊರೆಗಳಲ್ಲಿ ಸಕ್ಕರೆ, ಒಣದ್ರಾಕ್ಷಿಗಳಲ್ಲದೆ ಬರೆಯುವ ಕಾಗದವೂ ಇತ್ತು. ನಮ್ಮವರು ಓಲೆಗರಿಯಲ್ಲಿ ಬರೆಯುತ್ತಿದ್ದ ಕಾಲವದು. 1132ರಲ್ಲಿ ಈ ಊರಿನಲ್ಲಿಯೇ ಅವನು ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರವನ್ನು ಬರೆದುಕೊಟ್ಟನು. ಅವಳು ಅವನ ಮಕ್ಕಳ ತಾಯಿಯಾದಳೆಂಬುದು ವಿದ್ವಾಂಸರ ಅಭಿಪ್ರಾಯ. ಅವನ ವ್ಯವಹಾರವನ್ನು ನೋಡಿಕೊಂಡು ಏಡನ್ನಿಗೆ ಹೋಗಿಬರುತ್ತಿದ್ದ ಈ ನಾಡಿನ ದಾಸನೊಬ್ಬನೂ ಇದ್ದನು. ಪತ್ರಗಳಲ್ಲಿ ಬರಿಯ ವ್ಯಂಜನಗಳಾಗಿ ನಿಂತಿದ್ದ ಅವನ ಹೆಸರು ‘ಬೊಮ್ಮ’ ಎಂದಾಗಿರಬೇಕೆಂದು ಲೇಖಕ ಅಮಿತಾವ್ ಘೋಷ್ ಅವರು 1992ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಗುರುತಿಸಿದರು.

ಈ ಪತ್ರಗಳು ಉಳಿದ ರೀತಿಯೇ ಒಂದು ಸೋಜಿಗ. ದೇವರ ಹೆಸರಿರಬಹುದಾದ ಕಾಗದವನ್ನು ಹರಿದು ಬಿಸಾಡಬಾರದೆಂಬ ಯೆಹೂದ್ಯರ ಸಂಪ್ರದಾಯದಂತೆ ಅವು ಕೈರೋ ನಗರದ ಹಳೆಯ ಪ್ರಾರ್ಥನಾಮಂದಿರದ ಕೋಣೆಯೊಂದರಲ್ಲಿ ಏಳು ಶತಮಾನಕ್ಕೂ ಮಿಗಿಲಾಗಿ ರಾಶಿಬಿದ್ದಿದ್ದವು. ಅವುಗಳಲ್ಲಿ ನಮ್ಮ ಊರಿಗೆ ಮಂಜರೂರ್ ಎಂಬ ಹೆಸರಿದೆ. ಅರಬ್ಬೀ ಲಿಪಿಯಲ್ಲಿ ಗಕಾರಕ್ಕೆ ಪ್ರತ್ಯೇಕ ಅಕ್ಷರವಿಲ್ಲದುದರಿಂದ ಜಕಾರವು ಬಂದಿತು. ಳಕಾರವು ಎಂದಿನಂತೆ ರಕಾರವಾಯಿತು. ಆ ಕಾಗದಗಳನ್ನು ಕುರಿತು ಓದುವಾಗ ನಮಗೆ ತೋರುವುದಿಷ್ಟೆ: ಬೆನ್ ಯಿಜುವಿಗೆ ಮಂಜರೂರ್ ಎಂಬುದು ತಪ್ಪುಚ್ಚಾರಣೆಯಾಗಿರಲಿಲ್ಲ. ಅದು ಅವನ ಮನೆಯ ವಿಳಾಸವಾಗಿತ್ತು.

ಅದೇ ಹೆಸರನ್ನು ಎರಡು ಶತಮಾನಗಳ ಬಳಿಕ, 1342ರ ಸುಮಾರಿಗೆ, ಮೊರಾಕೊ ದೇಶದ ಇಬ್ನ್ ಬತೂತನು ಬಳಸಿದ್ದಾನೆ. ಮಂಜರೂರ್ ಮಲಬಾರಿನಲ್ಲಿಯೇ ಅತಿ ದೊಡ್ಡ ಅಳಿವೆಯ ಮೇಲಿರುವ ದೊಡ್ಡ ಪಟ್ಟಣವೆಂದೂ, ಪಾರಸಿ ಮತ್ತು ಯೆಮನ್ ದೇಶಗಳ ವರ್ತಕರು ಹೆಚ್ಚಾಗಿ ಇಳಿಯುವುದು ಇಲ್ಲಿಯೇ ಎಂದೂ, ಮೆಣಸೂ ಶುಂಠಿಯೂ ಇಲ್ಲಿ ಸಮೃದ್ಧವೆಂದೂ ಅವನು ಹೇಳುತ್ತಾನೆ. ಅರಸನ ಹೆಸರನ್ನು ರಾಮದೇವನೆಂದು ಕೊಟ್ಟಿದ್ದಾನೆ. ಊರ ಬದಿಯ ಕೇರಿಯಲ್ಲಿ ಸುಮಾರು 4,000 ಮುಸಲ್ಮಾನರಿದ್ದರಂತೆ. ಅವರಿಗೂ ಪಟ್ಟಣಿಗರಿಗೂ ಒಮ್ಮೊಮ್ಮೆ ಕಲಹವಾಗುವುದೆಂದೂ, ವರ್ತಕರು ಬೇಕಾದುದರಿಂದ ಅರಸನು ನಡುವೆ ನಿಂತು ರಾಜಿಮಾಡಿಸುವನೆಂದೂ ಅವನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ತಾನು ಹಡಗಿನಿಂದ ಇಳಿಯಬೇಕಾದರೆ ಅರಸನ ಮಗನು ಒತ್ತೆಯಾಗಿ ಹಡಗಿಗೆ ಬರಬೇಕೆಂದು ಹಟ ಹಿಡಿದು, ಆ ಬಳಿಕವೇ ಇಳಿದು, ಮೂರು ದಿವಸ ಅತಿಥಿಯಾಗಿದ್ದನು. ಬೇರೆ ಬೇರೆ ಜನರು ಕೂಡಿ ಬಾಳುವುದು ಹಿಂದಿನ ಕಾಲದಲ್ಲಿ ಹೂವೆತ್ತಿದಷ್ಟು ಸುಲಭವಾಗಿತ್ತೆಂದು ಹೇಳುವವರು ಈ ಭಾಗವನ್ನು ಓದಬೇಕು. ಅದು ಸುಲಭವಾಗಿರಲಿಲ್ಲ. ಅಗತ್ಯವಾಗಿತ್ತು, ಆದುದರಿಂದ ನಡೆಯಿತು.

ಇಷ್ಟರಲ್ಲಿ ಊರಿನ ಮೂಲನಿವಾಸಿಗಳು ತಮ್ಮ ಊರನ್ನು ಏನೆಂದು ಕರೆಯುತ್ತಿದ್ದರು? ಮಂಗಳೂರೆಂಬುದು ಶಾಸನದ, ಸರಕಾರದ, ವರ್ತಕರ ಹೆಸರು. ತುಳುವರ ಬಾಯಲ್ಲಿ ಅದು ಕುಡ್ಲ. ನೇತ್ರಾವತಿಯೂ ಫಲ್ಗುಣಿಯೆಂಬ ಗುರುಪುರದ ಹೊಳೆಯೂ ಕಡಲಿಗೆ ಬೀಳುವ ಮುನ್ನ ಊರನ್ನು ಎರಡು ಕಡೆಯಿಂದ ತಬ್ಬಿ ಒಂದೇ ಅಳಿವೆಯಲ್ಲಿ ಕೂಡುತ್ತವೆ. ಆ ಕೂಡುವಿಕೆಯೇ ಕುಡ್ಲವೆಂಬುದು ಎಲ್ಲರೂ ಒಪ್ಪುವ ವಿವರಣೆ. ಕೃಷ್ಣೆಯೂ ಮಲಪ್ರಭೆಯೂ ಸೇರುವ ಕೂಡಲಸಂಗಮವನ್ನು ಬಲ್ಲ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಶುಭವನ್ನು ಹಾರೈಸುವ ಹೆಸರು ಒಂದು. ನೆಲವನ್ನು ಕಂಡು ಇಟ್ಟ ಹೆಸರು ಇನ್ನೊಂದು.

ಕೊಂಕಣಿಗರಿಗೆ ಅದೇ ಊರು ಕೊಡಿಯಾಲ. ಹದಿನಾರನೆಯ ಶತಮಾನದಿಂದೀಚೆಗೆ ಗೋವೆಯಿಂದ ತಂಡತಂಡವಾಗಿ ಬಂದ ಸಾರಸ್ವತರೂ ಕ್ರೈಸ್ತರೂ ಈ ಹೆಸರನ್ನು ಹಿಡಿದರು. ಕೊಡಿಯಾಲಬೈಲು, ಕೊಡಿಯಾಲಗುತ್ತು ಎಂಬ ಕೇರಿಗಳು ಇಂದಿಗೂ ನಗರದ ನಡುವೆ ಇರುವುದರಿಂದ ಹೆಸರಿಗೆ ನೆಲದ ಆಧಾರವುಂಟೆಂಬುದು ಸ್ಪಷ್ಟ. ಬ್ಯಾರಿಗಳು ಮೈಕಾಲವೆನ್ನುತ್ತಾರೆ. ಮಲೆಯಾಳಿಗಳು ಹಳೆಯ ಮಂಗಲಾಪುರವನ್ನೇ ಉಳಿಸಿಕೊಂಡಿದ್ದಾರೆ. ಒಂದೇ ಪೇಟೆಯಲ್ಲಿ, ಒಂದೇ ಅಂಗಡಿಯ ಮುಂದೆ, ಒಂದೇ ಬೆಳಗ್ಗೆ ಈ ಐದು ಹೆಸರುಗಳೂ ಕಿವಿಗೆ ಬೀಳಬಹುದು. ಹೊಸಬರ ಹೊರತು ಬೇರೆ ಯಾರೂ ತಬ್ಬಿಬ್ಬಾಗುವುದಿಲ್ಲ.

ಪೋರ್ತುಗೀಜರ ಕಾಲವನ್ನು ಬೇಗನೆ ದಾಟಬಹುದು. 1568ರಲ್ಲಿ ಅವರು ಇಲ್ಲಿ ಕೋಟೆಯನ್ನು ಕಟ್ಟಿದರು. ಮಂಗಲೋರ್ ಎಂದು ಬರೆದರು. ಊರನ್ನು ಹಲವು ಸಲ ಸುಟ್ಟರು. ಕೆಳದಿಯವರ ಕೈಯಲ್ಲಿ ಸೋತರು. ಅವರ ಕಾಲದ ಪ್ರವಾಸಿಗಳಲ್ಲಿ ನೆನೆಯತಕ್ಕವನು ಪಿಯೆತ್ರೊ ದೆಲ್ಲ ವಾಲೆ. ರೋಮಿನ ಈ ಶ್ರೀಮಂತನು 1614ರಲ್ಲಿ ಆಡ್ರಿಯಾಟಿಕ್ ತೀರದ ವೆನಿಸ್ಸಿನಿಂದ ಹಡಗನ್ನೇರಿ ಹೊರಟವನು, 1623ರಲ್ಲಿ ಮಂಗಳೂರಿಗೆ ಬಂದು, ಹೊಳೆಯಾಚೆಯ ಉಳ್ಳಾಲದ ರಾಣಿಯನ್ನು ಕಂಡು ಮಾತನಾಡಿದನು.

ಆ ಬಳಿಕ ಬಂದುದು ಹೆಸರಿಗಾಗಿ ಅಲ್ಲದಿದ್ದರೂ ರೇವಿಗಾಗಿ ನಡೆದ ಘೋರವಾದ ಹೋರಾಟ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಗೆ ಮಂಗಳೂರು ಮೈಸೂರಿನ ಕಡಲಬಾಗಿಲಾಯಿತು. ಇಲ್ಲಿ ಅವನು ಹಡಗುಗಳನ್ನು ಕಟ್ಟಿಸಿದನು. ಆ ದರಬಾರಿನ ಪಾರಸಿ ಬರಹಗಳಲ್ಲಿ ಊರಿನ ಹೆಸರು ಕೊಂಕಣಿಗರ ಬಳಕೆಯನ್ನು ಅನುಸರಿಸಿ ಕೌಡಿಯಾಲ ಬಂದರವೆಂದಿರುವುದು. 1783ರಲ್ಲಿ ಇಂಗ್ಲಿಷರು ಅದನ್ನು ಹಿಡಿದರು; ಟೀಪು ಸುಲ್ತಾನನು ಮೇ ತಿಂಗಳಿಂದ ಮುತ್ತಿಗೆ ಹಾಕಿ ಕುಳಿತನು; ಕೋಟೆಯೊಳಗಿನವರು ಹಸಿವಿನಿಂದ ಬಳಲಿ 1784ರ ಜನವರಿಯಲ್ಲಿ ಶರಣಾದರು. ಮಾರ್ಚಿ 11ರಂದು ಒಪ್ಪಂದವಾಯಿತು. ಚರಿತ್ರೆಯ ಪಾಠಪುಸ್ತಕಗಳಲ್ಲಿ ಅದು ಮಂಗಳೂರಿನ ಒಪ್ಪಂದ. ಒಂದೇ ಕೋಟೆಯ ಮುಂದೆ ಎದುರುಬದುರಾಗಿ ನಿಂತ ಎರಡು ಪಕ್ಷಗಳು ಅದನ್ನು ಎರಡು ಹೆಸರಿನಿಂದ ಬರೆದುಕೊಂಡವು. ಟೀಪುವು ಊರಿಗೆ ಜಲಾಲಾಬಾದೆಂದು ಹೆಸರಿಟ್ಟನೆಂದೂ ಬರೆದವರುಂಟು. ಜನರ ಬಾಯಲ್ಲಿ ಅದು ನಿಲ್ಲಲಿಲ್ಲ. ಬೆಳ್ತಂಗಡಿಯ ಸಮೀಪದ ಬಂಡೆಗೋಟೆಗೆ ಅವನು ತಾಯಿಯ ನೆನಪಿಗಾಗಿ ಇಟ್ಟ ಜಮಾಲಾಬಾದೆಂಬ ಹೆಸರಂತೂ ನಿಂತಿತು, ಆದರೆ ಸುತ್ತಲಿನ ತುಳುವರಿಗೆ ಅದು ಇನ್ನೂ ಗಡಾಯಿಕಲ್ಲೇ.

ಒಪ್ಪಂದದ ಅದೇ ವರ್ಷ ಇಲ್ಲಿಯ ಕೊಂಕಣಿ ಕ್ರೈಸ್ತರನ್ನು ಸಹಸ್ರಗಟ್ಟಲೆಯಾಗಿ ಸೆರೆಹಿಡಿದು ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಬಹಳ ಮಂದಿ. 1799ರಲ್ಲಿ ಟೀಪು ಮಡಿದ ಮೇಲೆ ಉಳಿದವರು ಹಿಂದಿರುಗಿದರು. ಹದಿನೈದು ವರ್ಷಗಳ ಬಳಿಕ ಅವರಿಗೆ ಹೊಲಮನೆಗಳು ಮರಳಿ ದೊರೆತವೋ ಇಲ್ಲವೋ, ಅವು ಒಬ್ಬೊಬ್ಬರಿಗೆ ಒಂದೊಂದು ಬಗೆ. ಕೊಡಿಯಾಲವೆಂಬ ಹೆಸರು ಮಾತ್ರ ಅವರೊಡನೆ ಹೋಗಿ ಅವರೊಡನೆಯೇ ಬಂದಿತು. ಅದನ್ನು ಯಾವ ಸರಕಾರವೂ ಕೊಟ್ಟಿರಲಿಲ್ಲವಾದುದರಿಂದ ಯಾವ ಸರಕಾರವೂ ಕಸಿದುಕೊಳ್ಳುವಂತಿರಲಿಲ್ಲ.

ಇಂಗ್ಲಿಷರ ಆಳ್ವಿಕೆಯಲ್ಲಿ ಮದ್ರಾಸು ಪ್ರಾಂತಕ್ಕೆ ಸೇರಿದ ಮಂಗಳೂರಿಗೆ 1834ರಲ್ಲಿ ಬಾಸೆಲ್ ಮಿಶನ್ನಿನವರು ಬಂದರು. ಅವರಲ್ಲಿ ಹೆರ್ಮನ್ ಮೋಗ್ಲಿಂಗರು 1843ರ ಜುಲಾಯಿ 1ರಂದು ಕಲ್ಲಚ್ಚಿನಲ್ಲಿ ಒಂದು ಪತ್ರಿಕೆಯನ್ನು ಹೊರಡಿಸಿದರು. ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ಇದರ ಹೆಸರು ‘ಮಂಗಳೂರ ಸಮಾಚಾರ’. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಊರಿನ ಹೆಸರು ಕಳೆದು ನಾಡಿನ ಹೆಸರು ಬಂದಿತು. ಕನ್ನಡಿಗರು ನಾಲ್ಕಾರು ಸರಕಾರಗಳಲ್ಲಿ ಹಂಚಿಹೋಗಿದ್ದ ಆ ದಿನಗಳಲ್ಲಿ ಇದು ಸಣ್ಣ ಬದಲಾವಣೆಯಲ್ಲವೆಂದು ನಮ್ಮ ಭಾವನೆ. ಧಾರವಾಡದಲ್ಲಿಯೂ ಬಾಳಿದ ಕಿಟ್ಟೆಲರ ಮಹಾಕೋಶವು 1894ರಲ್ಲಿ ಅಚ್ಚಾಗಿ ಹೊರಬಿದ್ದುದೂ ಮಂಗಳೂರಿನಿಂದಲೇ.

ಇನ್ನು ಹೆಂಚು. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಶನರಿಯು ನೇತ್ರಾವತಿಯ ದಂಡೆಯ ಜೇಡಿಯನ್ನು ಪರೀಕ್ಷಿಸಿ ಜೆಪ್ಪಿನಲ್ಲಿ ಹೆಂಚಿನ ಕಾರಖಾನೆಯನ್ನು ತೆರೆದನು. ಕುಂಬಾರನ ನಾಡಹೆಂಚಿಗೂ ಇದಕ್ಕೂ ಇರುವ ವ್ಯತ್ಯಾಸವು ಕೂಡಿಕೆಯಲ್ಲಿದೆ: ಒಂದು ಹೆಂಚಿನ ಅಂಚು ಇನ್ನೊಂದರ ತೋಡಿನಲ್ಲಿ ಕಚ್ಚಿಕೊಳ್ಳುವುದರಿಂದ, ಒಂದರ ಮೇಲೊಂದಾಗಿ ಹಲವು ಪದರಗಳನ್ನು ಹೇರಬೇಕಾಗಿಲ್ಲ, ಮಾಡಿನ ಭಾರ ಇಳಿಯುತ್ತದೆ, ಮರ ಉಳಿಯುತ್ತದೆ, ಗಾಳಿಮಳೆಗೆ ಹೆಂಚು ಜಾರುವುದಿಲ್ಲ. ಹುಲ್ಲಿನ ಮಾಡುಗಳಿಗೆ ವರ್ಷವರ್ಷವೂ ಬೆಂಕಿ ತಗಲುತ್ತಿದ್ದ ಊರುಗಳಲ್ಲಿ ಇದು ಎಷ್ಟು ಬೇಗ ಹಬ್ಬಿತೆಂಬುದನ್ನು ಹೇಳಬೇಕಾದುದಿಲ್ಲ. ಮಿಶನ್ನಿನವರು ಕಲ್ಲಿಕೋಟೆ, ಪಾಲಘಾಟುಗಳಲ್ಲಿಯೂ ಕಾರಖಾನೆಗಳನ್ನು ತೆರೆದರು. ಇತರರೂ ಅಲ್ಲಲ್ಲಿ ತೆರೆದರು. ಹೆಂಚು ಕಡಲು ದಾಟಿ ಏಡನ್ನಿಗೂ ಪೂರ್ವ ಆಫ್ರಿಕಕ್ಕೂ ಹೋಯಿತು. ಬೆನ್ ಯಿಜುವಿನ ಪಾತ್ರೆಗಳು ಹೋದ ದಾರಿಯಿದೇ. ಎಲ್ಲಿ ಸುಟ್ಟುದಾದರೂ ಅದು ಮಂಗಳೂರು ಹೆಂಚು. ಹೀಗೆ ಹೆಸರೊಂದು ಊರನ್ನು ಬಿಟ್ಟು ತಾನೇ ಸಂಚಾರಕ್ಕೆ ಹೊರಡುವುದುಂಟು. ನಮ್ಮ ಹೋಟೆಲುಗಳಲ್ಲಿ ಸಂಜೆಯ ಹೊತ್ತಿಗೆ ಬೇಯುವ ಮಂಗಳೂರು ಬಜ್ಜಿಯನ್ನು ಮಂಗಳೂರಿಗೆ ಹೋಗಿ ಅದೇ ಹೆಸರಿನಿಂದ ಕೇಳಿದರೆ ಮಾಣಿಯು ನಗುತ್ತಾನೆ. ಅಲ್ಲಿ ಅದು ಗೋಳಿಬಜೆ.

2014ರ ನವಂಬರ 1ರಂದು ಕರ್ನಾಟಕ ಸರಕಾರವು ಹನ್ನೆರಡು ನಗರಗಳ ಹೆಸರನ್ನು ತಿದ್ದಿತು. ಹುಬ್ಳಿಯೆಂದು ಇಂಗ್ಲಿಷಿನಲ್ಲಿ ಬರೆಯುತ್ತಿದ್ದುದು ಹುಬ್ಬಳ್ಳಿಯಾಯಿತು. ಧಾರವಾಡವು ಪಟ್ಟಿಯಲ್ಲಿ ಇರಲಿಲ್ಲ. ಮ್ಯಾಂಗಲೋರ್ ಎಂಬುದು ಮಂಗಳೂರಾಯಿತು. ಕನ್ನಡದಲ್ಲಿ ಬರೆಯುವವರಿಗೆ ಇದರಿಂದ ಒಂದು ಅಕ್ಷರವೂ ಬದಲಾಗಲಿಲ್ಲವೆಂಬುದನ್ನು ಗಮನಿಸಬೇಕು. ಬದಲಾದುದು ರೋಮನ್ ಲಿಪಿಯ ಕಾಗುಣಿತ ಮಾತ್ರ. ಪೋರ್ತುಗೀಜರಿಂದ ಇಂಗ್ಲಿಷರಿಗೆ ಬಂದ ಆ ರೂಪವನ್ನು ಬಿಟ್ಟುದು ಸರಿಯೆಂದೇ ನಾವು ಎಣಿಸುತ್ತೇವೆ. ಆದರೆ ಕುಡ್ಲವೆಂಬುದೇ ನಿಜವಾದ ಹೆಸರೆಂದು ಕೆಲವರು ಆಗಲೂ ಹೇಳಿದರು, ಈಗಲೂ ಹೇಳುತ್ತಾರೆ. ಅವರ ನೋವನ್ನು ನಾವು ತಳ್ಳಿಹಾಕಲಾರೆವು. ನೆಲದ ಭಾಷೆಯಾಗಿಯೂ ಆಡಳಿತದ ಕಾಗದದಲ್ಲಿ ಸ್ಥಾನವಿಲ್ಲದ ತುಳುವಿನ ಕೊರಗು ಅದರಲ್ಲಿದೆ. ಕೇವಲ ಒಂದು ಹೆಸರನ್ನು ಹಿಡಿದು, ಇದರಿಂದ ಊರು ನಮ್ಮದು, ನಿಮ್ಮದಲ್ಲ ಎಂದು ವಾದಿಸುವವರಿಗೆ ಮಾತ್ರ ಇಲ್ಲಿಯ ಚರಿತ್ರೆಯಲ್ಲಿ ಆಧಾರ ದೊರೆಯದು. ಕಾಗದದ ಮೇಲೆ ಹೆಸರು ಒಂದೇ ಇರಬೇಕಾಗುತ್ತದೆ, ಅದು ಅಂಚೆಯವನ ಅನುಕೂಲ. ಬಾಯಿಗೆ ಆ ಕಟ್ಟಳೆಯಿಲ್ಲ.

ಹಳೆಯ ರೇವಿನ ಅಳಿವೆಯಲ್ಲಿ ಮರಳು ತುಂಬಿ ದೊಡ್ಡ ಹಡಗುಗಳು ಒಳಗೆ ಬರಲಾರದೆ ದೂರದಲ್ಲಿಯೇ ಲಂಗರು ಹಾಕುತ್ತಿದ್ದವು. ಅದರಿಂದಾಗಿ ಬಡಗಲ ಪಣಂಬೂರಿನಲ್ಲಿ ಹೊಸ ಬಂದರನ್ನು ತೋಡಿ, 1974ರಲ್ಲಿ ಅದನ್ನು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿಸಿದರು. ಅದಕ್ಕೆ ನವಮಂಗಳೂರು ಬಂದರೆಂದು ಹೆಸರು. ಊರ ಮಗ್ಗುಲಿನ ಹಳೆಯ ರೇವು ಈಗ ಬರಿಯ ಬಂದರ್ ಎನಿಸಿಕೊಂಡಿದೆ. ಮಳೆಗಾಲ ಕಳೆದ ಮೇಲೆ ಅಲ್ಲಿ ಮರದ ಮಂಜಿಗಳು ಲಕ್ಷದ್ವೀಪಕ್ಕೆ ತರಕಾರಿ, ಅಕ್ಕಿ, ಇಟ್ಟಿಗೆ, ಜಲ್ಲಿಗಳನ್ನು ತುಂಬಿಕೊಳ್ಳುತ್ತವೆ. ಹೇರುವವರು ಒಂದು ಭಾಷೆಯವರು, ಲೆಕ್ಕ ಬರೆಯುವವನು ಇನ್ನೊಂದು ಭಾಷೆಯವನು, ಚುಕ್ಕಾಣಿ ಹಿಡಿಯುವವನು ಮತ್ತೊಂದು ಭಾಷೆಯವನು. ರಸೀತಿಯಲ್ಲಿ ಮಂಗಳೂರೆಂದು ಅಚ್ಚಾಗಿರುತ್ತದೆ. ಹೊರೆ ಇಳಿಸಿ ಮತ್ತೆ ಎಂದು ಬರುವಿರೆಂದು ದಕ್ಕೆಯ ಮೇಲಿಂದ ಕೂಗಿ ಕೇಳುವವನು ಮಾತ್ರ ತನಗೆ ಬಂದ ಹೆಸರನ್ನೇ ಹೇಳುತ್ತಾನೆ.